ಮುಂಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ: 13,500 ಕಿ.ಮೀ. ಸರಿ, ಅವ್ವ ಕೂರಬೇಕಾದ್ದು ಎಷ್ಟು ತಾಸು?

ಕೋಥ್ರೂಡ್ ಮನೆ | 9 ಜನವರಿ 2024, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾವು ಪುಣೆಯಲ್ಲಿದ್ದೇವೆ, ಊರು ಧಾರವಾಡ. ನನ್ನ ತಂಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಳೆ, ಫೆಬ್ರವರಿ ಕೊನೆಗೆ ಅವಳಿಗೆ ಹೆರಿಗೆ. ಬಾಣಂತನಕ್ಕೆ ನಮ್ಮ ಅವ್ವ ಹೊರಟಿದ್ದಾಳೆ. 64 ವರ್ಷ, ಬಿಪಿ ಮಾತ್ರೆ ಇದೆ, ಮೊಣಕಾಲು ನೋವಿದೆ. ಇಂಗ್ಲಿಷ್ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೇ. ಮೊದಲ ಸಲ ವಿಮಾನ ಹತ್ತುವುದು, ಅದೂ ಒಬ್ಬಳೇ.

ಒಂದು ವಾರದಿಂದ ನಾನು ಲೆಕ್ಕ ಹಾಕಿ ಹಾಕಿ ತಲೆ ಕೆಡಿಸಿಕೊಂಡಿದ್ದೇನೆ. ದೂರ ತೋರಿಸುವ ಒಂದು ಜಾಲತಾಣ 13,500 ಅನ್ನುತ್ತೆ, ಇನ್ನೊಂದು 8,400 ಅನ್ನುತ್ತೆ, ಮತ್ತೊಂದು 7,300 ಅನ್ನುತ್ತೆ. ಸಮಯ ಸುಮಾರು 16 ಗಂಟೆ ಅಂತ ಬರೆದಿದ್ದಾರೆ. ಟಿಕೆಟ್ ನೋಡಿದರೆ ಸೋಮವಾರ ಬೆಳಗಿನ ಜಾವ 2.30ಕ್ಕೆ ಮುಂಬೈ ಬಿಟ್ಟು ಅದೇ ಸೋಮವಾರ ಮಧ್ಯಾಹ್ನ 12.45ಕ್ಕೆ ತಲುಪುತ್ತೆ, ಅಂದರೆ 10 ಗಂಟೆ ಅನ್ನಿಸುತ್ತೆ. ಅದರ ಕೆಳಗೇ ಸಣ್ಣಕ್ಷರದಲ್ಲಿ 23 ಗಂಟೆ 45 ನಿಮಿಷ ಅಂತಿದೆ! ಯಾವುದನ್ನು ನಂಬುವುದು?

ಅವ್ವ ಕೇಳುವುದು ಒಂದೇ ಪ್ರಶ್ನೆ, "ಎಷ್ಟು ತಾಸು ಕೂಡಬೇಕು ನಾನು, ಖರೇ ಹೇಳು." ಇನ್ನೊಂದು ವಿಷಯ. ಅವಳು 40 ವರ್ಷದಿಂದ ಸೋಮವಾರ ಒಪ್ಪತ್ತು ಮಾಡುತ್ತಾಳೆ, ಸಂಜೆ ಪೂಜೆಯ ನಂತರವೇ ಊಟ. ಪ್ರಯಾಣದ ದಿನವೇ ಸೋಮವಾರ. ತಿಳಿದವರು ದಯವಿಟ್ಟು ಹೇಳಿ.

ಡೊಂಬಿವಲಿ ಲೋಕಲ್ | 9 ಜನವರಿ, ರಾತ್ರಿ 11.15

ಅಕ್ಕಾ, ಮೊದಲು ಸುಲಭದ್ದನ್ನು ಮುಗಿಸೋಣ. ಮೂರೂ ಸಂಖ್ಯೆ ಸರಿ. 13,500 ಕಿಲೋಮೀಟರ್, 8,400 ಮೈಲಿ, 7,300 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಹಡಗಿನವರೂ ವಿಮಾನದವರೂ ಅದರಲ್ಲೇ ಅಳೆಯುತ್ತಾರೆ. ಆ ಜಾಲತಾಣಗಳು ಸಮಯ ಹೇಳುವುದು ಬಹಳ ಮಟ್ಟಿಗೆ ಸುಮ್ನೆ ಭಾಗಾಕಾರ ಮಾಡಿ. ದೂರವನ್ನು ಗಂಟೆಗೆ 850 ಕಿ.ಮೀ. ಆಸುಪಾಸಿನ ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತಾರೆ, ಅಷ್ಟೇ.

ಟಿಕೆಟ್‌ನಲ್ಲಿ ಹೊರಡುವ ಸಮಯ ನಮ್ಮದು, ತಲುಪುವ ಸಮಯ ಅವರದು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಸೋಮವಾರ ಮಧ್ಯಾಹ್ನ 12.45 ಅಂದರೆ ಇಲ್ಲಿ ಆಗಲೇ ಮಂಗಳವಾರ ಬೆಳಗಿನ ಜಾವ 2.15. ಸೋಮವಾರ 2.30ರಿಂದ ಮಂಗಳವಾರ 2.15. ನಿಮ್ಮ 23 ಗಂಟೆ 45 ನಿಮಿಷ ಸಿಕ್ಕಿತಲ್ವಾ? ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ ಅಂತರ 12 ಗಂಟೆ 30 ನಿಮಿಷ. ತಂಗಿಗೆ ಫೋನ್ ಮಾಡುವಾಗ ನೆನಪಿರಲಿ.

ಸಾಂತಾಕ್ರೂಜ್ ಡಿಸ್ಪ್ಯಾಚ್ | 10 ಜನವರಿ, ಬೆಳಗ್ಗೆ 6.20

ನಾನು ಮುಂಬೈಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದವನು, ಈಗ ನಿವೃತ್ತ. ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು ಅಂತ ಪ್ಲಾನ್ ಮಾಡಿ ಪೈಲಟ್ ಕೈಗೆ ಕೊಡುವ ಕೆಲಸ. ಮೇಲಿನವರು ಸಮಯದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನು ದೂರದ ಬಗ್ಗೆ ಹೇಳುತ್ತೇನೆ.

ತಂಗೀ, 13,500 ಅನ್ನುವುದು ಗೋಳದ ಮೇಲೆ ದಾರ ಬಿಗಿಯಾಗಿ ಎಳೆದರೆ ಸಿಗುವ ದೂರ. ಮುಂಬೈ ರನ್‌ವೇಯಿಂದ ಸ್ಯಾನ್ ಫ್ರಾನ್ಸಿಸ್ಕೋ ರನ್‌ವೇಗೆ ಇದಕ್ಕಿಂತ ಹತ್ತಿರದ ದಾರಿ ಭೂಮಿಯ ಮೇಲೆ ಇಲ್ಲ. ಆದರೆ ಆ ದಾರ ಎಲ್ಲಿ ಹಾಯುತ್ತೆ ಅಂತ ನೋಡಿದವರು ಕಡಿಮೆ. ಅಮೆರಿಕ ಪಶ್ಚಿಮಕ್ಕಿದೆ ಅಂತ ನಾವು ಅಂದುಕೊಂಡಿದ್ದೇವೆ, ದಾರ ಹೊರಡುವುದು ಉತ್ತರಕ್ಕೆ, ಅದೂ ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು. ಲಡಾಖ್ ಮೇಲೆ ಹಾಯುತ್ತೆ, ಕಾರಕೋರಂ ದಾಟುತ್ತೆ, ಸೈಬೀರಿಯಾ ಉದ್ದಕ್ಕೂ ಹೋಗಿ ಅದರ ಉತ್ತರದ ಹೆಪ್ಪುಗಟ್ಟಿದ ಸಮುದ್ರದ ಮೇಲೆ 76 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತೆ. ಅಲ್ಲಿಂದ ಅಲಾಸ್ಕಾ, ಆಮೇಲೆ ಕೆಳಗೆ ಕ್ಯಾಲಿಫೋರ್ನಿಯಾ. ಗೋಡೆಗೆ ಹಾಕುವ ಚಪ್ಪಟೆ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತೆ, ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಗೋಳ ಇದ್ದರೆ ದಾರ ಹಿಡಿದು ನೋಡಿ, ನಿಮ್ಮ ತಾಯಿಗೂ ತೋರಿಸಿ. ಎಲ್ಲಿ ಹೋಗುತ್ತಿದ್ದೇನೆ ಅಂತ ಗೊತ್ತಿದ್ದವರಿಗೆ ಭಯ ಕಡಿಮೆ, ಇದು ನಾನು ಎಷ್ಟೋ ಜನರಲ್ಲಿ ನೋಡಿದ್ದು.

ಇಷ್ಟಾದರೂ ಆ ದಾರದ ಮೇಲೇ ಯಾರೂ ವಿಮಾನ ಹಾರಿಸುವುದಿಲ್ಲ. ಎತ್ತರದ ಪರ್ವತದ ಮೇಲೆ ಹಾರುವಾಗ ಕ್ಯಾಬಿನ್ ಒತ್ತಡ ಹೋದರೆ ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು, ಯಾಕೆಂದರೆ ಪ್ರಯಾಣಿಕರ ಆಮ್ಲಜನಕದ ಮಾಸ್ಕ್ ಕೆಲವೇ ನಿಮಿಷ ಬರುತ್ತೆ. ಕೆಳಗೆ 20,000 ಅಡಿಯ ಬೆಟ್ಟ ಇದ್ದರೆ ಎಲ್ಲಿಗೆ ಇಳಿಯುವುದು? ಅದಕ್ಕೇ ಸುತ್ತು. ಅದರ ಜೊತೆ ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ ಅನ್ನುವುದೂ ಇದೆ, ಅದನ್ನು ಬಿಡುವು ಸಿಕ್ಕಾಗ ಬರೆಯುತ್ತೇನೆ.

ಕೋಥ್ರೂಡ್ ಮನೆ | 10 ಜನವರಿ, ರಾತ್ರಿ 9.30

ಕಾಕಾ, ನೀವು ಹೇಳಿದ ಹಾಗೇ ಮಾಡಿದೆವು! ಮಗನ ಗೋಳವನ್ನು ಅಡುಗೆಮನೆ ಕಟ್ಟೆ ಮೇಲೆ ಇಟ್ಟು, ಅವ್ವ ಮಲ್ಲಿಗೆ ಕಟ್ಟುವ ನೂಲಿನ ಉಂಡೆ ತಂದೆವು. ಮುಂಬೈ ಮೇಲೆ ಅವ್ವ ಹೆಬ್ಬೆರಳು ಒತ್ತಿ ಹಿಡಿದಳು, ನಾನು ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಎಳೆದೆ. ಸಡಿಲ ಇದ್ದಾಗ ನೂಲು ಯೂರೋಪಿನ ಮೇಲೆ ಬಿದ್ದಿತ್ತು. ಬಿಗಿ ಮಾಡಿದ ಹಾಗೆಲ್ಲ ತಾನೇ ಜಾರಿ ಜಾರಿ ಮೇಲಕ್ಕೆ ಹೋಗಿ, ಗೋಳದ ನೆತ್ತಿಯ ಹಿತ್ತಾಳೆ ಮೊಳೆಯ ಹತ್ತಿರ ನಿಂತಿತು. "ಅಯ್ಯ, ಮ್ಯಾಲಕ್ಕ ಯಾಕ ಹೊಂಟೈತಿ ಇದು? ಇದು ಹಿತ್ತಲ ದಾರಿ ಆತಲ್ಲ" ಅಂದಳು ಅವ್ವ. ಅಮೆರಿಕ ಅಷ್ಟು ದೂರ ಅಲ್ಲ ಅಂತ ಮೊದಲ ಸಲ ಅವಳ ಮುಖದಲ್ಲಿ ಕಂಡಿತು.

ಅಳತೆಯೂ ಮಾಡಿದೆವು. ಗೋಳದ ಅಡ್ಡಳತೆ 30 ಸೆಂ.ಮೀ., ಸುತ್ತಳತೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಹಾಗಾಗಿ 1 ಸೆಂ.ಮೀ.ಗೆ 425 ಕಿ.ಮೀ. ನೂಲು 32 ಸೆಂ.ಮೀ. ಬಂತು, ಗುಣಿಸಿದರೆ 13,600. ಲಂಡನ್ ಮೇಲಿಂದ ಸುತ್ತಿಸಿದರೆ 37 ಸೆಂ.ಮೀ. ಮಗ ಈಗ ಊರೂರು ಅಳೆಯುತ್ತ ಕೂತಿದ್ದಾನೆ.

ಡೊಂಬಿವಲಿ ಲೋಕಲ್ | 10 ಜನವರಿ, ರಾತ್ರಿ 11.05

ಓದಿ ಖುಷಿಯಾಯಿತು ಅಕ್ಕಾ. ಡಿಸ್ಪ್ಯಾಚ್ ಸರ್, ನನಗೊಂದು ಸಂಶಯ ಬಹಳ ದಿನದಿಂದ ಇದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಹಾಗಾದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರಿಗೆ ಬರಬೇಕು, ಬೇಗ ತಲುಪಬೇಕು. ಆದರೆ ಮುಂಬೈ–ಲಂಡನ್ ಜಾಸ್ತಿ ಹೊತ್ತು, ಲಂಡನ್–ಮುಂಬೈ ಕಡಿಮೆ ಹೊತ್ತು. ಉಲ್ಟಾ ಯಾಕೆ?

ಸಾಂತಾಕ್ರೂಜ್ ಡಿಸ್ಪ್ಯಾಚ್ | 11 ಜನವರಿ, ಬೆಳಗ್ಗೆ 6.05

ಒಳ್ಳೆಯ ಪ್ರಶ್ನೆ. ನೀವು ದಿನಾ ಲೋಕಲ್‌ನಲ್ಲಿ ಹೋಗುವವರು. ಓಡುವ ಗಾಡಿಯೊಳಗೆ ಒಂದು ಕಡಲೆ ಮೇಲಕ್ಕೆ ಎಸೆದರೆ ಅದು ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತೆ. ಯಾಕೆಂದರೆ ಕಡಲೆಯೂ ಡಬ್ಬಿಯೊಳಗಿನ ಗಾಳಿಯೂ ಗಾಡಿಯ ಜೊತೆಗೇ ಓಡುತ್ತಿವೆ. ಭೂಮಿಯೂ ಹಾಗೇ, ತನ್ನ ಗಾಳಿಯನ್ನು ಹೊತ್ತುಕೊಂಡೇ ತಿರುಗುತ್ತೆ. ವಿಮಾನ ಈಜುವುದು ಆ ಗಾಳಿಯೊಳಗೆ.

ಇಲ್ಲಿ ಲೆಕ್ಕ ಬದಲಿಸುವುದು ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ. ಚಳಿಗಾಲದಲ್ಲಿ ಜೋರು, ಗಂಟೆಗೆ 200–300 ಕಿ.ಮೀ. ಮುಟ್ಟುತ್ತೆ. ಇದನ್ನು ಮೊದಲು ಅಳೆದು ಬರೆದವರಲ್ಲಿ ಒಬ್ಬರು ಜಪಾನಿನ ವಾಸಾಬುರೋ ಓಯಿಶಿ, 1920ರ ದಶಕದಲ್ಲಿ ಬಲೂನು ಬಿಟ್ಟು ನೋಡಿದವರು. ಪಾಪ, ಜಗತ್ತಿಗೆಲ್ಲ ತಿಳಿಯಲಿ ಅಂತ ಎಸ್ಪೆರಾಂಟೋ ಅನ್ನುವ, ಎಲ್ಲ ದೇಶದವರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ ವರದಿ ಬರೆದರು, ಹೊರಗೆ ಹೆಚ್ಚು ಜನ ಓದಲೇ ಇಲ್ಲ. ಭಾಷೆಯ ವಿಷಯದಲ್ಲಿ ಕಷ್ಟಪಡುವ ನಮ್ಮಂಥವರಿಗೆ ಈ ಕಥೆ ಮನಸ್ಸಿಗೆ ತಾಕುತ್ತೆ.

ಲಂಡನ್ ಲೆಕ್ಕವನ್ನೇ ಮಾಡೋಣ. 7,200 ಕಿ.ಮೀ. ಗಾಳಿಯಲ್ಲಿ ವಿಮಾನದ ವೇಗ 850. ಎದುರುಗಾಳಿ 100 ಅಂತ ಹಿಡಿದರೆ ನೆಲದ ಲೆಕ್ಕದಲ್ಲಿ 750, ಹೋಗಲು 9 ಗಂಟೆ 36 ನಿಮಿಷ. ಬರುವಾಗ ಅದೇ ಗಾಳಿ ಬೆನ್ನಿಗೆ, 950, ಬೇಕಾದ್ದು 7 ಗಂಟೆ 35 ನಿಮಿಷ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುವುದಿಲ್ಲ ಅನ್ನುವುದನ್ನೂ ಗಮನಿಸಿ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 16 ಗಂಟೆ 56 ನಿಮಿಷ, ಗಾಳಿ ಇದ್ದರೆ 17 ಗಂಟೆ 11 ನಿಮಿಷ. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತೇವಲ್ಲ, ಅದಕ್ಕೆ.

2020ರ ಫೆಬ್ರವರಿ 9ರಂದು ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದು ಮುಟ್ಟಿತು. ಸಾಮಾನ್ಯವಾಗಿ ಆರೂವರೆ–ಏಳು ಗಂಟೆಯ ದಾರಿ ಅದು. ಬೆನ್ನಿಗೆ ಬಿರುಗಾಳಿ ಸಿಕ್ಕಿತ್ತು.

ನನಗೆ ಬಹಳ ಇಷ್ಟವಾದ ಉದಾಹರಣೆ ನಮ್ಮದೇ ದೇಶದ್ದು. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನವನ್ನು ಏರ್ ಇಂಡಿಯಾ 2015ರ ಡಿಸೆಂಬರ್‌ನಲ್ಲಿ ಶುರು ಮಾಡಿತು. ಮೊದಲು ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಿಕ್ಕನ್ನೇ ಬದಲಿಸಿ ಪೆಸಿಫಿಕ್ ಮೇಲಿಂದ ಕಳಿಸಿದರು. ದೂರ 15,300 ಕಿ.ಮೀ. ಆಯಿತು, ಹೊತ್ತು 14 ಗಂಟೆ 30 ನಿಮಿಷಕ್ಕೆ ಇಳಿಯಿತು. ಸಾವಿರದ ನಾನೂರು ಕಿ.ಮೀ. ಜಾಸ್ತಿ ಹಾರಿ, ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ ಇಳಿದರು. ಹತ್ತಿರದ ದಾರಿ ಬೇಗ ಮುಟ್ಟಿಸುತ್ತೆ ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ಹೇಳುವುದು.

ವಾಸ್ಕೋದವ | 11 ಜನವರಿ, ಮಧ್ಯಾಹ್ನ 2.10

ನಾನು ಗೋವಾದಲ್ಲಿ ಹುಟ್ಟಿ ಬೆಳೆದ ಕನ್ನಡದವನು, ಹಡಗಿನಲ್ಲಿ ಕೆಲಸ. ಬ್ರೆಜಿಲ್‌ನ ಸಾಂತೋಸ್ ಬಂದರಿನಲ್ಲಿ ಹಡಗು ಹತ್ತಲು ಎರಡು ಸಲ ಸಾವೋ ಪೌಲೋಗೆ ಹಾರಿದ್ದೇನೆ. ಡಿಸ್ಪ್ಯಾಚ್ ಸರ್ ಹೇಳಿದ ದಾರದ ಲೆಕ್ಕ ನನಗೆ ಸ್ವಂತ ಅನುಭವದಲ್ಲಿ ಗೊತ್ತಾಯಿತು.

ಮುಂಬೈಯಿಂದ ಸಾವೋ ಪೌಲೋ ಸುಮಾರು 13,750 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೋದಷ್ಟೇ ದೂರ ಅನ್ನಿ. ಆದರೆ ನೇರ ವಿಮಾನ ಇಲ್ಲ. ಮೊದಲ ಸಲ ಏಜೆಂಟ್ ಯೂರೋಪಿನ ಮೇಲಿಂದ ಕಳಿಸಿದ. ಗೋವಾ–ಮುಂಬೈ ಒಂದು ಟಿಕೆಟ್, ಮುಂಬೈಯಿಂದ ಮುಂದೆ ಬೇರೆ ಟಿಕೆಟ್. ದಾಬೋಳಿಯಲ್ಲಿ ಮೊದಲ ವಿಮಾನ ಮೂರು ಗಂಟೆ ತಡವಾಯಿತು. ಮುಂಬೈಯಲ್ಲಿ ಓಡೋಡಿ ಕೌಂಟರ್‌ಗೆ ಬಂದರೆ ಬಾಗಿಲು ಮುಚ್ಚಿತ್ತು. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಯಾರೂ ಜವಾಬ್ದಾರಿ ತೆಗೆದುಕೊಳ್ಳಲಿಲ್ಲ. ಹೊಸ ಟಿಕೆಟ್ ದುಡ್ಡು ಆಮೇಲೆ ನನ್ನ ಸಂಬಳದಿಂದ ಮುರಿದರು. ಮನೆಯಿಂದ ಹಡಗಿನ ಮೆಟ್ಟಿಲವರೆಗೆ 61 ಗಂಟೆ, ನಾನು ಕೈಗಡಿಯಾರ ನೋಡಿ ಎಣಿಸಿದ್ದೇನೆ.

ಎರಡನೇ ಸಲ ಆಡಿಸ್ ಅಬಾಬಾ ಮೇಲಿಂದ ಹೋದೆ. ಅಲ್ಲಿ ಇಳಿದಾಗ ಇದೆಲ್ಲಿ ಸುತ್ತು ಹಾಕುತ್ತಿದ್ದಾರೆ ಅನ್ನಿಸಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ: ಮುಂಬೈ–ಆಡಿಸ್ 3,835, ಆಡಿಸ್–ಸಾವೋ ಪೌಲೋ 9,925. ಕೂಡಿಸಿದರೆ 13,760! ನೇರ ದಾರಿಗಿಂತ ಹತ್ತೇ ಕಿಲೋಮೀಟರ್ ಜಾಸ್ತಿ. ಆಡಿಸ್ ಆ ದಾರದ ಮೇಲೇ ಕೂತಿದೆ. ಅದಕ್ಕೇ ಅಕ್ಕಾ, ಎಷ್ಟು ಸ್ಟಾಪ್ ಅಂತಷ್ಟೇ ನೋಡಬೇಡಿ, ಸ್ಟಾಪ್ ದಾರಕ್ಕೆ ಎಷ್ಟು ಹತ್ತಿರ ಇದೆ ಅಂತಲೂ ನೋಡಿ. ಟಿಕೆಟ್ ಮಾತ್ರ ಮೊದಲಿಂದ ಕೊನೆವರೆಗೆ ಒಂದೇ ಪಿಎನ್‌ಆರ್ ಇರಲಿ. ಇದು ಕೈಮುಗಿದು ಹೇಳುತ್ತಿದ್ದೇನೆ.

ಪಿಂಪ್ರಿ ಶಿಫ್ಟ್ | 11 ಜನವರಿ, ಸಂಜೆ 7.45

ಎಲ್ಲರೂ ಆಕಾಶದ ಬಗ್ಗೆ ಹೇಳಿದಿರಿ. ನಾನು ರಸ್ತೆಯ ಬಗ್ಗೆ ಹೇಳುತ್ತೇನೆ, ಪುಣೆಯವರಿಗೆ ಪ್ರಯಾಣ ಶುರುವಾಗುವುದೇ ಅಲ್ಲಿ. ನಮ್ಮ ಪುಣೆಯ ಲೋಹಗಾಂವ್ ಏರ್‌ಪೋರ್ಟ್ ವಾಯುಪಡೆಯ ನೆಲೆ, ರನ್‌ವೇ ಸುಮಾರು 2,500 ಮೀಟರ್. ಇಂಧನ ತುಂಬಿಕೊಂಡ ದೊಡ್ಡ ವಿಮಾನ ಅಮೆರಿಕಕ್ಕೆ ಏಳಲು ಅದು ಸಾಲದು. ಹಾಗಾಗಿ ನಮಗೆ ಮುಂಬೈಯೇ ಗತಿ.

ಎಕ್ಸ್‌ಪ್ರೆಸ್‌ವೇ 94.5 ಕಿ.ಮೀ., ಮನೆಯಿಂದ ಮುಂಬೈ ಏರ್‌ಪೋರ್ಟ್‌ನ ಎರಡನೇ ಟರ್ಮಿನಲ್, ಅಂದರೆ ಟಿ2ವರೆಗೆ ಒಟ್ಟು 150 ಕಿ.ಮೀ. ಹತ್ತಿರ. ನಕ್ಷೆ ಮೂರು ಗಂಟೆ ಅನ್ನುತ್ತೆ. ಭಾನುವಾರ ಸಂಜೆ ಲೋಣಾವಳಕ್ಕೆ ಹೋದವರೆಲ್ಲ ಮುಂಬೈಗೆ ವಾಪಸು ಬರುವ ಹೊತ್ತು. ಖಂಡಾಲಾ ಘಾಟ್‌ನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೆ ಸಾಕು, ಅಲ್ಲೇ ಒಂದೂವರೆ ಗಂಟೆ. ವಾಶಿ ಸೇತುವೆ, ಚೆಂಬೂರು, ಕುರ್ಲಾ ಬೇರೆ. 2.30ರ ವಿಮಾನಕ್ಕೆ ಸಂಜೆ 6ರ ಮೇಲೆ ಮನೆ ಬಿಡಬೇಡಿ. ಶೇರಿಂಗ್ ಕ್ಯಾಬ್ ಬೇಡವೇ ಬೇಡ, ಅವರು ಪಿಂಪ್ರಿ, ವಾಕಡ್ ಎಲ್ಲ ಸುತ್ತಿ ಜನರನ್ನು ಹತ್ತಿಸಿಕೊಂಡು ಹೊರಡುತ್ತಾರೆ.

ಮಾಟುಂಗಾ ಅಜ್ಜಿ | 12 ಜನವರಿ, ಬೆಳಗ್ಗೆ 8.30

ಮಗಾ, ನನಗೆ 76. ಮಗ ಸ್ಯಾನ್ ಹೋಸೆಯಲ್ಲಿದ್ದಾನೆ, ಆರು ಸಲ ಹೋಗಿಬಂದಿದ್ದೇನೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ನಿನ್ನ ಅಮ್ಮನ ಒಪ್ಪತ್ತಿನ ಮಾತನ್ನು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಸಿದ್ದು. ಸೋಮವಾರ ಮಧ್ಯರಾತ್ರಿ ಮುಂಬೈಯಲ್ಲಿ ಶುರುವಾಗುತ್ತೆ. ಅವಳು ಹೋಗುವುದು ಗಡಿಯಾರ ಹಿಂದಿರುವ ಊರಿಗೆ. ಅಲ್ಲಿ ಸೋಮವಾರ ಮುಗಿಯುವ ಹೊತ್ತಿಗೆ 24ಕ್ಕೆ 13 ಗಂಟೆ 30 ನಿಮಿಷ ಸೇರಿರುತ್ತೆ. ಅಂದರೆ ಅವಳ ಪಾಲಿನ ಸೋಮವಾರ 37 ಗಂಟೆ 30 ನಿಮಿಷದ್ದು! ಭಾನುವಾರ ರಾತ್ರಿ ಊಟ ಮಾಡಿ, ಅಲ್ಲಿನ ಸೋಮವಾರ ಸಂಜೆ ದೀಪ ಹಚ್ಚಿ ಉಣ್ಣುತ್ತೇನೆ ಅಂದರೆ ಒಂದೂವರೆ ದಿನ ಖಾಲಿ ಹೊಟ್ಟೆ. ಬಿಪಿ ಮಾತ್ರೆಯವಳು, ವಿಮಾನದೊಳಗಿನ ಒಣ ಗಾಳಿ. ಬೇಡ. ನಾನು ಶನಿವಾರ ಒಪ್ಪತ್ತು ಮಾಡುವವಳು, ಮೊದಲ ಸಲ ಹೀಗೇ ಮಾಡಿ ಸ್ಯಾನ್ ಫ್ರಾನ್ಸಿಸ್ಕೋ ಇಮಿಗ್ರೇಷನ್ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕೂತೆ. ಅಲ್ಲಿದ್ದ ಒಬ್ಬ ಹುಡುಗಿ ನೀರು ಕೊಟ್ಟಳು, ಯಾರ ಮಗಳೋ, ಇಂದಿಗೂ ನೆನೆಯುತ್ತೇನೆ.

ಆಮೇಲಿಂದ ನಾನು ಮಾಡುವುದು ಇಷ್ಟು. ಹೊರಡುವಾಗ ಮನೆ ದೇವರ ಮುಂದೆ ಹೇಳಿಕೊಂಡುಬಿಡುತ್ತೇನೆ, ಈ ವಾರದ್ದು ಅಲ್ಲಿ ಹೋಗಿ ಮುಂದಿನ ವಾರ ಮಾಡುತ್ತೇನೆ ಅಂತ. ದಾರಿಯಲ್ಲಿ ಗಡಿಯಾರ ನೋಡುವುದಿಲ್ಲ, ಹಸಿವು ನೋಡುತ್ತೇನೆ. ಮಾತ್ರೆಯೂ ಹಾಗೇ. ಹಿಂದಿನ ಮಾತ್ರೆ ತೆಗೆದುಕೊಂಡು ಎಷ್ಟು ತಾಸಾಯಿತು ಅಂತ ಲೆಕ್ಕ ಇಡಬೇಕು, ಊರಿನ ಗಂಟೆ ನೋಡಿದರೆ ತಪ್ಪುತ್ತೆ. ಹೇಗೆ ಅಂತ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು, ಮಾತ್ರೆ ಚೀಟಿ ಎರಡನ್ನೂ ಕೈಚೀಲದಲ್ಲಿ ಇಡು, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.

ಗಡಿಯಾರ ಅಂದರೆ ಮನುಷ್ಯ ಮಾಡಿಕೊಂಡದ್ದು ಮಗಾ. ನಮ್ಮ ಮಾವನವರು ಹೇಳುತ್ತಿದ್ದರು, ದೇಶಕ್ಕೆಲ್ಲ ಒಂದು ಸಮಯ ಬಂದ ಮೇಲೂ ಮುಂಬೈ ತನ್ನದೇ ಸಮಯ ಇಟ್ಟುಕೊಂಡಿತ್ತು, 39 ನಿಮಿಷ ಹಿಂದೆ. 1955ರವರೆಗೆ ನಡೆಯಿತು. ಸಮಯ ಕೇಳಿದರೆ ಯಾವ ಸಮಯ ಅಂತ ತಿರುಗಿ ಕೇಳಬೇಕಿತ್ತಂತೆ.

ನನ್ನ ಕೇಳಿದರೆ ನೇರ ವಿಮಾನವೇ ಒಳ್ಳೆಯದು. ಕೂತು ಕೂತು ಸೊಂಟ ಹಿಡಿಯುತ್ತೆ ನಿಜ. ಆದರೆ ಭಾಷೆ ಬಾರದವರಿಗೆ ಕಷ್ಟ ಆಕಾಶದಲ್ಲಿಲ್ಲ, ನಡುವೆ ಇಳಿಯುವ ಏರ್‌ಪೋರ್ಟ್‌ನಲ್ಲಿದೆ. ಗೇಟ್ ಬದಲಾಯಿಸಿದ್ದೇವೆ ಅಂತ ಮೈಕಿನಲ್ಲಿ ಹೇಳಿದರೆ ನಮಗೆ ಗೊತ್ತಾಗುವುದು ಹೇಗೆ?

ಸಾಂತಾಕ್ರೂಜ್ ಡಿಸ್ಪ್ಯಾಚ್ | 12 ಜನವರಿ, ಬೆಳಗ್ಗೆ 10.15

ಅಮ್ಮಾ, ನಮಸ್ಕಾರ. ಎಷ್ಟೋ ವರ್ಷ ಲೆಕ್ಕ ಹಾಕಿದ ನನಗೆ ಈ 37 ಗಂಟೆ 30 ನಿಮಿಷದ ಸೋಮವಾರ ಹೊಳೆದಿರಲಿಲ್ಲ.

ನೇರ ವಿಮಾನದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಏರ್ ಇಂಡಿಯಾ 2022ರ ಡಿಸೆಂಬರ್‌ನಲ್ಲಿ ಮುಂಬೈ–ಸ್ಯಾನ್ ಫ್ರಾನ್ಸಿಸ್ಕೋ ನೇರ ಶುರು ಮಾಡಿತು, ಆದರೆ ಈಗ, 2024ರ ಜನವರಿಯಲ್ಲಿ, ಅದು ದಿನಾ ಇಲ್ಲ. ಮೊಣಕಾಲು ನೋವಿನವರಿಗೆ 16 ಗಂಟೆ ಒಂದೇ ಸಮನೆ ಕೂರುವುದು ಸಣ್ಣ ಮಾತಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ. ನೇರವೋ ಅಲ್ಲವೋ, ನಿದ್ದೆ ಇಲ್ಲದಾಗ ಗಂಟೆಗೊಮ್ಮೆಯಾದರೂ ಎದ್ದು ಓಡಾಡಲಿ, ನೀರು ಕುಡಿಯಲಿ. ಸೀಟು ಓಣಿಯ ಪಕ್ಕದ್ದೇ ಇರಲಿ.

ತಂಗಿ ಹೇಳಿದ ಟಿಕೆಟ್ ಫ್ರಾಂಕ್‌ಫರ್ಟ್ ಮೇಲಿಂದ ಅನ್ನಿಸುತ್ತೆ. ಮುಂಬೈ–ಫ್ರಾಂಕ್‌ಫರ್ಟ್ 6,570, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 9,150, ಒಟ್ಟು 15,700 ಕಿ.ಮೀ. ದುಬೈ ಮೇಲಿಂದ 14,950ರ ಹತ್ತಿರ. ದೂರ ಕಡಿಮೆ, ಆದರೆ 3 ಗಂಟೆಯ ಒಂದು ತುಂಡು, 16 ಗಂಟೆಯ ಇನ್ನೊಂದು ತುಂಡು. ಮೊದಲ ನಿದ್ದೆ ಹತ್ತುವಷ್ಟರಲ್ಲಿ ಎಬ್ಬಿಸಿ ಇಳಿಸುತ್ತಾರೆ. ಆ ಎರಡನೇ ತುಂಡಿನ ನೇರ ಗೆರೆ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತೆ, 88 ಡಿಗ್ರಿಯವರೆಗೆ. ಬೆಂಗಳೂರಿನವರಿಗೆ ನೆನಪಿರಬೇಕು, 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಪೂರ್ತಿ ಮಹಿಳೆಯರ ಪೈಲಟ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿಳಿದಿತ್ತು. ಫ್ರಾಂಕ್‌ಫರ್ಟ್ ಆದರೆ 9 ಗಂಟೆ, ಆಮೇಲೆ ಹನ್ನೊಂದೂವರೆ. ದೂರ ಜಾಸ್ತಿಯಾದರೂ ದೇಹಕ್ಕೆ ಈ ಎರಡು ತುಂಡು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಅಜ್ಜಿ ಹೇಳಿದ ಗೇಟಿನ ಕಷ್ಟಕ್ಕೆ ಗಾಲಿಕುರ್ಚಿ ಬುಕ್ ಮಾಡಿ. ಅದಕ್ಕೆ ದುಡ್ಡಿಲ್ಲ, ನಾಚಿಕೆಯೂ ಬೇಡ. ಒಂದು ಗೇಟಿನಿಂದ ಇನ್ನೊಂದಕ್ಕೆ ಅವರೇ ಕರೆದುಕೊಂಡು ಹೋಗುತ್ತಾರೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಫ್ರಾಂಕ್‌ಫರ್ಟ್‌ಗೆ ಬೇರೆ ಟ್ರಾನ್ಸಿಟ್ ವೀಸಾ ಬೇಡ. ಇನ್ನೊಂದು ಮುಖ್ಯ ಮಾತು: ಅಮೆರಿಕದೊಳಗೆ ವಿಮಾನ ಬದಲಿಸುವ ಟಿಕೆಟ್ ತೆಗೆದುಕೊಳ್ಳಬೇಡಿ. ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಪೆಟ್ಟಿಗೆ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಒಬ್ಬರೇ ಹೋಗುವ ಹಿರಿಯರಿಗೆ ಅದು ನಿಜಕ್ಕೂ ಕಷ್ಟ.

ಮುಚ್ಚಿದ ಆಕಾಶದ ಮಾತು ಬಾಕಿ ಇತ್ತು. 2019ರಲ್ಲಿ ಫೆಬ್ರವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತ್ತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಮೊದಲು ದಕ್ಷಿಣಕ್ಕೆ ಇಳಿದು, ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಮುಂಬೈಯವರಿಗೆ ಅಷ್ಟು ಪೆಟ್ಟು ಬೀಳಲಿಲ್ಲ, ನಾವು ಹೇಗೂ ಸಮುದ್ರದ ದಂಡೆಯಲ್ಲೇ ಇದ್ದೇವೆ. 2022ರ ಫೆಬ್ರವರಿ ನಂತರ ಯೂರೋಪ್, ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಇಲ್ಲ. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ವಿಮಾನ 9 ಗಂಟೆಯಲ್ಲಿ ಹೋಗುತ್ತಿದ್ದದ್ದು 13ಕ್ಕೆ ಏರಿತು. ಎರಡು ಊರುಗಳು ಅಲ್ಲೇ ಇವೆ, ಜಾಲತಾಣದ ದೂರವೂ ಅಷ್ಟೇ ಇದೆ, ನಾಲ್ಕು ಗಂಟೆ ಜಾಸ್ತಿ.

ಕೋಥ್ರೂಡ್ ಮನೆ | 14 ಜನವರಿ, ರಾತ್ರಿ 8.50

ಎಲ್ಲರ ಉತ್ತರವನ್ನೂ ಅವ್ವನಿಗೆ ಓದಿ ಹೇಳಿದೆ, ಅಜ್ಜಿಯದನ್ನು ಎರಡು ಸಲ. ನೇರ ವಿಮಾನದ ದಿನ ನಮ್ಮವರಿಗೆ ರಜೆ ಸಿಗುವುದಿಲ್ಲ, ಮುಂಬೈವರೆಗೆ ಬಿಡಲು ಅವರು ಬೇಕೇ ಬೇಕು. ಮೂಳೆ ಡಾಕ್ಟರ್ ಕೂಡ ನಡುವೆ ಒಂದು ಸಲ ಇಳಿದು ನಡೆದಾಡಿದರೆ ಒಳ್ಳೆಯದು ಅಂದರು. ಹಾಗಾಗಿ ಫ್ರಾಂಕ್‌ಫರ್ಟ್, ಒಂದೇ ಪಿಎನ್‌ಆರ್, ಗಾಲಿಕುರ್ಚಿ, 29ನೇ ತಾರೀಕು. ಭಾನುವಾರ ಸಂಜೆ 6ಕ್ಕೆ ಮನೆ ಬಿಡುತ್ತೇವೆ. ಮಾತ್ರೆಗೆ ಡಾಕ್ಟರ್ ತಾಸಿನ ಲೆಕ್ಕದಲ್ಲೇ ಬರೆದುಕೊಟ್ಟಿದ್ದಾರೆ. ಅವ್ವನಿಗೆ ಒಂದು ಕಾರ್ಡ್ ಮಾಡಿದ್ದೇನೆ. ಒಂದು ಬದಿಗೆ ಇಂಗ್ಲಿಷ್‌ನಲ್ಲಿ ಅವಳ ಹೆಸರು, ವಿಮಾನದ ನಂಬರ್, ತಂಗಿಯ ಫೋನ್. ಇನ್ನೊಂದು ಬದಿಗೆ ಕನ್ನಡದಲ್ಲಿ ಯಾವಾಗ ಏನು ಅಂತ.

ಒಪ್ಪತ್ತಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇವತ್ತು ಬೆಳಗ್ಗೆ ಪೂಜೆ ಮುಗಿಸಿ ಬಂದು, "ಹೇಳಿಕೊಂಡೀನಿ" ಅಂದಳು.

ಕೋಥ್ರೂಡ್ ಮನೆ | 30 ಜನವರಿ, ಬೆಳಗ್ಗೆ 9.10

ಅವ್ವ ಮುಟ್ಟಿದಳು!! ತಂಗಿಯ ಮನೆ ಬಾಗಿಲಿಗೆ ಅಲ್ಲಿನ ಸಮಯ ಮಧ್ಯಾಹ್ನ 3.05, ಇಲ್ಲಿ ಇವತ್ತು ಬೆಳಗಿನ ಜಾವ 4.35. ನಾನು ಎಚ್ಚರವಾಗಿಯೇ ಇದ್ದೆ.

ಪೂರ್ತಿ ಲೆಕ್ಕ ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಹುಡುಕಿದರೆ ಸಿಗಲಿ. ಪುಣೆ ಮನೆಯಿಂದ ಟಿ2ವರೆಗೆ 4 ಗಂಟೆ 35 ನಿಮಿಷ, ಖಂಡಾಲಾದಲ್ಲಿ ನಿಂತೆವು, ಪಿಂಪ್ರಿಯವರು ಹೇಳಿದ್ದು ನಿಜವಾಯಿತು. ಏರ್‌ಪೋರ್ಟ್‌ನಲ್ಲಿ 3 ಗಂಟೆ 45 ನಿಮಿಷ. ಟಿಕೆಟ್‌ನ 23 ಗಂಟೆ 45 ನಿಮಿಷ ಸರಿಯಾಗಿಯೇ ಇತ್ತು, ಅದರಲ್ಲಿ 3 ಗಂಟೆ 15 ನಿಮಿಷ ಫ್ರಾಂಕ್‌ಫರ್ಟ್. ಇಮಿಗ್ರೇಷನ್, ಪೆಟ್ಟಿಗೆ ಸೇರಿ ಒಂದೂವರೆ ಗಂಟೆ. ಅಲ್ಲಿಂದ ಮನೆಗೆ 50 ನಿಮಿಷ. ಬಾಗಿಲಿನಿಂದ ಬಾಗಿಲಿಗೆ 34 ಗಂಟೆ 25 ನಿಮಿಷ. ಅವ್ವ ಕೇಳಿದ ಪ್ರಶ್ನೆಗೆ ಇದು ಉತ್ತರ.

ಫ್ರಾಂಕ್‌ಫರ್ಟ್‌ನಲ್ಲಿ ಗೇಟು ಬದಲಾಯಿತಂತೆ. ಕುರ್ಚಿ ತಳ್ಳುವವನೇ ಬಂದು ಬೇರೆ ಕಡೆ ಕರೆದುಕೊಂಡು ಹೋದನಂತೆ, ಅಜ್ಜಿಯ ಭಯ ಸುಳ್ಳಲ್ಲ. ಅಲ್ಲಿ ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ತಿಂದು ಮಾತ್ರೆ ತೆಗೆದುಕೊಂಡಿದ್ದಾಳೆ. ಕಾರ್ಡಿನ ಕನ್ನಡದ ಬದಿಯಲ್ಲಿ ಪೆನ್ಸಿಲ್‌ನಿಂದ ಪ್ರತಿ ಸಾಲಿಗೂ ಒಂದು ಗೆರೆ ಎಳೆದಿದ್ದಾಳೆ, ತಂಗಿ ಫೋಟೋ ಕಳಿಸಿದಳು.

ಫೋನ್‌ನಲ್ಲಿ ಅವಳು ಹೇಳಿದ್ದೆಲ್ಲ ಬೆಳಕಿನ ಬಗ್ಗೆ. ಮುಂಬೈಯಿಂದ ಹೊರಟ ರಾತ್ರಿ ಮುಗಿಯಲೇ ಇಲ್ಲವಂತೆ, ಒಂಬತ್ತು ತಾಸು ಹಾರಿ ಇಳಿದರೂ ಅಲ್ಲಿ ಇನ್ನೂ ಕತ್ತಲೆ. ಆಮೇಲೆ ಬೆಳಕು ಹರಿಯಿತು, ಎರಡನೇ ವಿಮಾನ ಎದ್ದಿತು, ಹನ್ನೊಂದು ತಾಸು ಕಿಟಕಿಯ ಕಡೆ ನೋಡಿದಾಗಲೆಲ್ಲ ಸೂರ್ಯ ಅಲ್ಲೇ ಕೆಳಗೆ ಇದ್ದನಂತೆ, ಮೇಲೆ ಏರಲೂ ಇಲ್ಲ, ಮುಳುಗಲೂ ಇಲ್ಲ. ಕೆಳಗೆ ಬರೀ ಬಿಳಿ. "ನೂಲು ಅಲ್ಲೇ ಜಾರಿತ್ತಲ್ಲ, ಆ ಮೊಳಿ ಹಂತೇಕ ಹೋಗಿ ಬಂದೆ" ಅಂದಳು.

ಈಗ ಮಲಗಿದ್ದಾಳೆ. ಅಲ್ಲಿ ಇನ್ನೂ ಸೋಮವಾರ.